ಕಂಟ್ರೋಲ್ ಸರಳ ಇಲ್ರಿ!

"ಆಟ ಭಾಳ ಚಂದ ಐತಿ... ಆದ್ರ ಕಂಟ್ರೋಲ್ ಸರಳ ಇಲ್ರಿ."

ಅವನು ಅಂದಿದ್ದು ಇಷ್ಟೇ. ರುತುಜಾಳ ಕಿವಿ ಕಾದು ಕೆಂಪಾದವು!

ಅದು ಕೊಲ್ಹಾಪುರದ ಒಂದು ಕಾಲೇಜಿನ ಹಾಲ್. ಒಬ್ಬೊಬ್ಬರೇ ಕೂತು ಮಾಡಿದ ಮೊಬೈಲ್ ಆಟಗಳನ್ನು ಜನರ ಕೈಗೆ ಕೊಟ್ಟು ಆಡಿಸುವ ದಿನ. ಸಾಲು ಸಾಲು ಟೇಬಲ್ಲುಗಳ ಮೇಲೆ ಇಂಗ್ಲಿಷ್ ಹೆಸರು, ಮರಾಠಿ ಹೆಸರು. ಕನ್ನಡದಲ್ಲಿ ಹೆಸರು ಬರೆದದ್ದು ಒಂದೇ ಒಂದು. 'ಗಿರಕಿ'! ಅದರ ಹಿಂದೆ ಕೈಕಟ್ಟಿ ನಿಂತವಳೇ ಗಡಹಿಂಗ್ಲಜದ ರುತುಜಾ.

ಗಿರಕಿಯ ಚಿತ್ರ ಅವಳದು, ಕೋಡ್ ಅವಳದು, ಹಟವೂ ಅವಳದೇ. ಪರದೆಯ ಮೇಲೆ ದುಂಡನೆಯ ಸುತ್ತಿನ ಕೋಟೆ, ಒಳಗೊಂದು ಬೆಳ್ಳಿಯ ಗುಂಡು. ಬೆರಳನ್ನು ಸುತ್ತ ಆಡಿಸಿದರೆ ಇಡೀ ಕೋಟೆ ಗಿರಗಿರ ತಿರುಗುತ್ತದೆ. ಮೇಲಕ್ಕೆ ಎಳೆದರೆ ಗುಂಡು ಮುಂದೆ ಉರುಳುತ್ತದೆ. ಸಂದಿಗೊಂದಿ ದಾಟಿಸಿ ಅದನ್ನು ನಡುಮನೆಗೆ ಮುಟ್ಟಿಸಬೇಕು. ನೋಡಲು ಮಕ್ಕಳಾಟ, ಆಡಲು ಕೂತರೆ ಚಹಾ ತಣ್ಣಗಾಗುವುದೂ ತಿಳಿಯುವುದಿಲ್ಲ.

ಅಂಥಾ ಆಟದಲ್ಲಿ ಈ ಮನುಷ್ಯ ತಪ್ಪು ಹುಡುಕುವುದೆ?

"ಸರಳ ಬೇಕಂದ್ರ ಹಾವು-ಏಣಿ ಆಡ್ರಿ!" ಅಂದಳು ರುತುಜಾ, ಅವನ ಕೈಯಿಂದ ಫೋನ್ ಕಸಿದುಕೊಂಡು.

ಅವನು ನಕ್ಕ. ಎತ್ತರದ ಆಳು, ತೋಳು ಮಡಚಿದ ನೀಲಿ ಅಂಗಿ. ವಿಚಿತ್ರ ನೋಡ್ರಿ, ಎಡಗೈ ಒಂದೇ ಬಿಸಿಲಿಗೆ ಕಪ್ಪಾಗಿತ್ತು, ಬಲಗೈ ಬೆಳ್ಳಗಿತ್ತು.

"ಅಲ್ರಿ, ಬೋರ್ಡಿನ ಮ್ಯಾಲ 'ನಿಮ್ಮ ಅಭಿಪ್ರಾಯ ತಿಳಿಸಿ' ಅಂತ ನೀವ ಬರದೀರಿ. ತಿಳಿಸಿದ್ರ ಹಾವು ತೋರಸ್ತೀರಿ!"

"ಮುಂಜಾನಿಂದ ಇಷ್ಟ ಮಂದಿ ಆಡ್ಯಾರ. ಯಾರೂ ಹಂಗ ಅನ್ನಲಿಲ್ಲ."

"ಅವ್ರು ನಿಮ್ಮ ಮಾರಿ ನೋಡಿ ಹೇಳ್ಯಾರ. ನಾ ಆಟ ನೋಡಿ ಹೇಳಾಕತ್ತೇನಿ."

ಅಬ್ಬಬ್ಬಾ, ಏನು ಸೊಕ್ಕು!

'ಒಳ್ಳೆ ಮಾತಿನ ಮಲ್ಲ! ಎಲ್ಲಿಂದ ಬಂದಾನೋ...' ಅಂದುಕೊಂಡಳು. ಆದರೆ ಅವನು ಹೋಗುವಾಗ ತಿರುಗಿ ನೋಡಿ, "ಕೊಲ್ಹಾಪುರದಾಗ ಕನ್ನಡದ ಆಟ! ನಮ್ಮವ್ವ ನೋಡಿದ್ರ ಕುಣದಾಡತಾಳ್ರಿ. ನನ್ನ ಹೆಸರ ಕೇದಾರ, ಇಚಲಕರಂಜಿ" ಅಂದಾಗ, ಹಾಳಾದ ಸಿಟ್ಟು ಅರ್ಧ ಇಳಿದೇ ಹೋಯಿತು.

ಸಂಜೆಯೇ ಅವನ ಅಭಿಪ್ರಾಯ ಆ್ಯಪ್ ಸ್ಟೋರಿನಲ್ಲಿ ಬಂತು. ಐದರಲ್ಲಿ ಮೂರು ಸ್ಟಾರ್! ಕೆಳಗೆ ತಪ್ಪುತಪ್ಪಾದ ಕಾಗುಣಿತದ ಕನ್ನಡ: 'ಆಟ ಚಂದ. ಕಂಟ್ರೋಲ ಸರಳ ಇಲ್ಲ. ಸರಳ ಮಾಡ್ರಿ, ಐದೂ ಕೊಡ್ತೇನಿ.'

ಅವನೊಬ್ಬನೇ ಆಗಿದ್ದರೆ ಬಿಡಬಹುದಿತ್ತು. ಆಮೇಲೆ ಕಾಗಲದಿಂದ ಒಬ್ಬರು, ಮುರಗೂಡದಿಂದ ಇನ್ನೊಬ್ಬರು, ಹುಪರಿಯ ಬೆಳ್ಳಿ ಕೆಲಸದ ಮನೆಯಿಂದ ಮತ್ತೊಬ್ಬರು... ಎಲ್ಲರದೂ ಅದೇ ರಾಗ. 'ಸರಳ ಇಲ್ಲ.' ಧಾರವಾಡದ ಒಬ್ಬಾಕೆ ಮಾತ್ರ, 'ಈ ಗುಂಡು ಥೇಟ್ ನನ್ನ ಮಗನ ಗತೆ, ಹೇಳಿದ ಮಾತು ಕೇಳುವುದಿಲ್ಲ' ಎಂದು ಬರೆದು ಐದು ಸ್ಟಾರ್ ಕೊಟ್ಟಿದ್ದಳು.

"ಏ ರುತು, ಇಷ್ಟ ಮಂದಿ ಹೇಳಾಕತ್ತಾರ ಅಂದ್ರ ಏನೋ ಇರಬೇಕಲ್ಲ?" ಅಂದಳು ಗೆಳತಿ ನೂತನ.

"ಕಠಿಣ ಐತಿ ಅಂತ ಆಟಾನ ಮಿದು ಮಾಡಲೇನು? ನಾ ಮಾಡಾಕಿ ಅಲ್ಲ!" ಅಂದಳು ರುತುಜಾ. ತನ್ನ ಆಟದ ಮೇಲೆ ಅವಳಿಗೆ ಅಷ್ಟು ಭರವಸೆ.

ಹಾಗಂದವಳು ಕೇದಾರನಿಗೆ ಮೆಸೇಜ್ ಹಾಕಿದ್ದು ಯಾಕೆ ಅಂತ ಕೇಳಬೇಡ್ರಿ. 'ಮೂರು ಸ್ಟಾರ್ ಯಾವ ಲೆಕ್ಕದಾಗ ಕೊಟ್ರಿ?' ಅಂತ ಜಗಳಕ್ಕೇ ಶುರುಮಾಡಿದ್ದಳು. ಜಗಳ ಹರಟೆಯಾಯಿತು. ಹರಟೆ ಚಟವಾಯಿತು.

ಕೇದಾರನಿಗೆ ಇಚಲಕರಂಜಿಯಲ್ಲಿ ಸ್ವಂತದ ಡ್ರೈವಿಂಗ್ ಸ್ಕೂಲ್ ಇತ್ತು. ದಿನವೆಲ್ಲ ಕಲಿಯುವವರ ಎಡಕ್ಕೆ ಕೂತು, ಕೈ ಕಿಟಕಿಯ ಮೇಲಿಟ್ಟು, ಊರೆಲ್ಲ ತಿರುಗುವವನು. ಎಡಗೈ ಕಪ್ಪಾಗದೆ ಇನ್ನೇನಾದೀತು? ಓದಿದ್ದು ಮರಾಠಿ ಶಾಲೆ. ಕನ್ನಡದ ಅಕ್ಷರ ಕಲಿಸಿದ್ದು ತಾಯಿ ತಾರವ್ವ, ಮನೆಯ ಪಾಟಿಯ ಮೇಲೆ. ರುತುಜಾಳದು ಬೇರೆ. ಸಂಕೇಶ್ವರದ ತಾಯಿಯ ತವರಿನಲ್ಲಿದ್ದು ಹತ್ತನೇ ತರಗತಿಯವರೆಗೂ ಕನ್ನಡ ಶಾಲೆಯಲ್ಲೇ ಓದಿದವಳು. ಒತ್ತಕ್ಷರ ತಪ್ಪಿದರೆ ಅವನನ್ನು ಆಡಿಕೊಂಡು ನಗುತ್ತಿದ್ದಳು.

ಒಂದು ದಿನ ನೆತ್ತಿಯ ಮೇಲೆ ಕೆಂಪು 'ಎಲ್' ಹೊತ್ತ ಕಾರು ಗಡಹಿಂಗ್ಲಜದ ಅವರ ಓಣಿಯಲ್ಲೇ ಬಂದು ನಿಂತಿತು! ಮನೆಯಲ್ಲಿ ಎಲ್ಲರೂ ಆಯಿ ಅಂತ ಕರೆಯುವ ಅಜ್ಜಿ ಕಲ್ಲವ್ವ ಕಟ್ಟೆಯ ಮೇಲಿಂದ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರ ಅಂವ?"

"ಗಾಡಿ ಹೊಡಿಯೂದು ಕಲಸ್ತಾರ, ಆಯಿ."

"ನಿನ್ನ ಮಾರಿ ನೋಡಿದ್ರ ಗಾಡಿ ಒಂದ ಕಲಿಸಿದಂಗ ಕಾಣೂದಿಲ್ಲ!"

ರುತುಜಾ ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಂಡಂತೆ ಕಾರಿನತ್ತ ಓಡಿಬಿಟ್ಟಳು.

ಊರ ಹೊರಗೆ ಹಿರಣ್ಯಕೇಶಿ ಹೊಳೆಯ ಸೇತುವೆಯ ಮೇಲೆ ಕಾರು ನಿಲ್ಲಿಸಿ ಕೇದಾರ ನೀರನ್ನೇ ನೋಡುತ್ತ ಕೇಳಿದ.

"ಬರೂ ರವಿವಾರದ ಆಚಿ ರವಿವಾರ ಅವ್ವನ್ನ ಕರ್ಕೊಂಡ ನಿಮ್ಮನಿಗಿ ಬರ್ತೇನ್ರಿ. ನಿಮ್ಮನ್ನ ನೋಡಾಕ. ಬರಲೇನು... ಬ್ಯಾಡೋ?"

ದಿನಾ ಪಟಪಟ ಮಾತಾಡುವ ರುತುಜಾಳಿಗೆ ಒಂದೇ ಮಾತು ಸಿಕ್ಕಿತು. "ಬರ್ರಿ" ಅಂದಳು. ಅಷ್ಟಕ್ಕೇ ಕಣ್ಣು ತುಂಬಿ ಬಂದವು.

"ಮತ್ತ, ಆಟ ಯಾವಾಗ ಸರಳ ಮಾಡ್ತೀರಿ?" ಅಂತ ಅವನು ನಗಿಸಲು ನೋಡಿದ.

ಅದೇ ಆದದ್ದು ನೋಡ್ರಿ! ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. 'ಅವರು ಮನೆಗೆ ಬರುವುದರೊಳಗೆ ಮಾಡಿ ಮುಗಿಸ್ತೇನಿ. ಏನೂ ಕೇಳದ ಮನುಷ್ಯ, ಕೇಳಿದ್ದು ಇದೊಂದೇ!' ಯಾರು ಹೇಳಿದರೂ ತನ್ನ ಆಟ ಮುಟ್ಟದವಳು, ಅವನಿಗಾಗಿ ಮುಟ್ಟಿದಳು.

ಕೋಟೆ ತಿರುಗುವುದನ್ನೇ ತೆಗೆದಳು. ಅದರ ಬದಲು ನಾಲ್ಕು ಬಾಣದ ಬಟನ್ನು. ದಾರಿ ತಪ್ಪಿದರೆ ಸರಿದಾರಿ ತೋರಿಸುವ ಹಳದಿ ಗೆರೆ. ಎರಡು ವರ್ಷದ ಮಗುವೂ ಆಡಬೇಕು, ಅಷ್ಟು ಸುಲಭ. ಹೊಸ ಗಿರಕಿಯನ್ನು ಆ್ಯಪ್ ಸ್ಟೋರಿಗೆ ಏರಿಸಿ, 'ನಿಮ್ಮ ಸಲುವಾಗಿ!' ಅಂತ ಕೇದಾರನಿಗೆ ಕಳಿಸಿದಳು.

ಊಟದ ಹೊತ್ತಿಗೆ ಅಭಿಪ್ರಾಯಗಳ ಸುರಿಮಳೆ!

'ಗಿರಕೀನ ಹೊಡಿಯದ ಗಿರಕಿ ಯಾವ ಸೀಮಿ ಆಟ?'

'ಹಳೇದ ವಾಪಸ್ ಕೊಡ್ರಿ ಅಕ್ಕಾರ.'

ಧಾರವಾಡದಾಕೆ ಬರೆದಿದ್ದಳು: 'ಈಗ ನನ್ನ ಮಗ ಹೇಳಿದ ಮಾತು ಕೇಳುತ್ತಾನೆ. ಬೇಜಾರಾಗಿದೆ.'

ಆಗಲೇ ಕೇದಾರನ ಫೋನ್ ಬಂತು.

"ಏನ್ ಮಾಡೀರಿ ಇದನ್ನ? ಆಟದ ಜೀವಾನ ತಗದ ಬಿಟ್ಟೀರಲ್ರಿ!"

"ನಾ ತಗದ್ನೇನು? ನೀವ ತಗೀ ಅಂದ್ರಿ!"

"ನಾನು? ನಾ ಯಾವಾಗ ಅಂದೇನಿ?"

"ದಿನಾ ಅಂದೀರಿ! ಮೊದಲನೇ ದಿನದಿಂದ ಅದನ್ನ ಜಪ ಮಾಡೀರಿ. ಈಗ ಮಂದಿ ಬೈಯಾಕತ್ತಾರ ಅಂದಕೂಡ್ಲೆ ನಾ ಅಂದಿಲ್ಲ ಅಂತೀರಿ?"

"ನಾ ಹಿಂಗ ಮಾಡ್ರಿ ಅಂತ ಒಂದ ಸಲಾನೂ ಅಂದಿಲ್ಲ, ರುತುಜಾ."

"ಸುಳ್ಳ ಹೇಳಬ್ಯಾಡ್ರಿ!"

"ಏನಂದ್ರೂ ಅನ್ನಿಸ್ಕೋತಿದ್ದೆ," ಅಂದ ಕೇದಾರ, ಸಣ್ಣ ದನಿಯಲ್ಲಿ. "ಸುಳ್ಳ ಅಂತ ಅನ್ನಿಸ್ಕೊಳ್ಳಾಂವ ಅಲ್ಲ ನಾ."

"ಹಂಗಾರ ರವಿವಾರ ಬರಬ್ಯಾಡ್ರಿ!"

ಫೋನ್ ಮಂಚದ ಮೇಲೆ ಬಿತ್ತು. ಅದರ ಪಕ್ಕದಲ್ಲಿ ಅವಳೂ ಬಿದ್ದಳು. ಅಂದಿದ್ದು ಬಾಯಿ, ಅಳುವುದು ಕಣ್ಣು! 'ಇಷ್ಟು ನಂಬಿದ್ದೆನಲ್ಲ... ಆಟದ ವಿಷಯದಾಗ ಸುಳ್ಳು ಹೇಳಿದಾಂವ ನಾಳೆ ಇನ್ಯಾವುದರಲ್ಲಿ ಹೇಳುವುದಿಲ್ಲ?'

ಮರುದಿನ ಹಳೆಯ ಗಿರಕಿಯನ್ನೇ ವಾಪಸ್ ಏರಿಸಿದಳು. ಆಡುವವರಿಗೆ ಸಮಾಧಾನವಾಯಿತು, ಸ್ಟಾರ್‌ಗಳೂ ಮರಳಿ ಬಂದವು. ಇಚಲಕರಂಜಿಯಿಂದ ಮಾತ್ರ ಒಂದಕ್ಷರವೂ ಬರಲಿಲ್ಲ. ರವಿವಾರ ಹತ್ತಿರ ಬರುತ್ತಿತ್ತು.

ಆಟ ಕೆಟ್ಟರೆ ತಿದ್ದಿ ಮತ್ತೆ ಕೊಡಬಹುದು. ಮನುಷ್ಯ ದೂರಾದರೆ ಎಲ್ಲಿಂದ ತರುವುದು? ಅವಳಿಗೂ ಗೊತ್ತಿತ್ತು, ಆ ರವಿವಾರ ದಾಟಿದರೆ ಮುಗಿಯಿತು. ಇಬ್ಬರಿಗೂ ಹಟ, ಇಬ್ಬರಿಗೂ ಮಾನ; ಆಮೇಲೆ ಯಾರೂ ಬಾಗಿಲು ತಟ್ಟುವವರಲ್ಲ.

ಶುಕ್ರವಾರ ಆಯಿಯನ್ನು ಮುರಗೂಡದ ಬಸ್ ಹತ್ತಿಸಲು ಗಡಹಿಂಗ್ಲಜದ ಎಸ್‌ಟಿ ಸ್ಟ್ಯಾಂಡಿಗೆ ಹೋಗಿದ್ದಳು. ತಲೆಯ ಮೇಲೆ ಗಂಟು ಹೊತ್ತ ಹೆಂಗಸೊಬ್ಬಳು ಬಂದು ಮರಾಠಿಯಲ್ಲಿ ನದಿಯ ದಾರಿ ಕೇಳಿದಳು. ರುತುಜಾ ಕೈ ಮುಂದೆ ಚಾಚಿ, ವಿಚಾರ ಮಾಡದೆ, ಹುಟ್ಟಿದಾಗಿನಿಂದ ಹೇಳುತ್ತ ಬಂದ ಮಾತು ಹೇಳಿದಳು.

"ಸರಳ ಜಾವಾ, ಮಾವಶಿ. ಕುಠಂ ವಳೂ ನಕಾ."

ಹೆಂಗಸು ಎಲ್ಲೂ ತಿರುಗದೆ, ನೆಟ್ಟಗೆ ನಡೆದು ಹೋದಳು.

ರುತುಜಾಳ ಚಾಚಿದ ಕೈ ಚಾಚಿದ ಹಾಗೇ ಉಳಿಯಿತು.

ಸರಳ ಜಾವಾ...

ಸರಳ!

"ಅಯ್ಯ ಶಿವನ!" ಅಂತ ಕೂಗಿಬಿಟ್ಟಳು. ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು.

"ಏನಾತವಾ? ಪರ್ಸ್ ಹೊಡದ್ರೇನ?" ಆಯಿ ಗಾಬರಿಯಾದಳು.

"ಆಯಿ... 'ಸರಳ' ಅಂದ್ರ ಏನು?"

"ಸರಳ ಅಂದ್ರ ಸರಳ. ನೆಟ್ಟಗ. ಡೊಂಕಿಲ್ಲದ್ದು. ಇಷ್ಟ ಓದಿದಾಕಿ, ಇದನ್ನ ನನ್ನ ಕೇಳ್ತೀಯಲ್ಲ!"

ಓದಿದ್ದಕ್ಕೇ ಬಂತು ನೋಡ್ರಿ ಈ ಪಾಡು! ಕನ್ನಡ ಪುಸ್ತಕದಲ್ಲಿ ಸರಳ ಅಂದರೆ ಸುಲಭ. ಕೊಲ್ಹಾಪುರದ ಕಡೆಯ ಮಾತಿನಲ್ಲಿ, ಮರಾಠಿ ಬೆರೆತ ನಾಲಿಗೆಯಲ್ಲಿ, ಸರಳ ಅಂದರೆ ನೇರ. ಅವಳೂ ದಿನಾ ಆಡುವ ಮಾತೇ. ಆದರೆ ತನ್ನ ಕನ್ನಡದ ಆಟದ ಬಗ್ಗೆ ಕೇಳಿದಾಗ, ಕನ್ನಡ ಅಕ್ಷರದಲ್ಲಿ ಕಂಡಾಗ ಅವಳ ತಲೆ ಸಂಕೇಶ್ವರದ ಶಾಲೆಗೆ ಹೋಗಿ ಕೂತುಬಿಡುತ್ತಿತ್ತು. ಕೇದಾರ ಗಾಡಿ ಕಲಿಸುವವನು. ದಿನವೆಲ್ಲ ಅವನ ಬಾಯಲ್ಲಿ 'ಸರಳ ಹೋಗ್ರಿ' ಬಿಟ್ಟು ಇನ್ನೇನು ಬರಬೇಕು?

ಅಲ್ಲೇ ಬೆಂಚಿನ ಮೇಲೆ ಕೂತು ಫೋನ್ ತೆಗೆದಳು. ಬೆರಳನ್ನು ನೇರ ಮೇಲಕ್ಕೆ ಎಳೆದಳು. ಬೆಳ್ಳಿಯ ಗುಂಡು ಮುಂದೆ ಹೋಯಿತು... ಆಮೇಲೆ ಕೂದಲೆಳೆಯಷ್ಟು ಎಡಕ್ಕೆ ಸರಿದು ಗೋಡೆಗೆ ತಾಗಿತು! ಇನ್ನೊಮ್ಮೆ. ಮತ್ತೂ ಎಡಕ್ಕೆ. ತಾನೇ ಮಾಡಿದ ಆಟ, ಅದರ ಡೊಂಕಿಗೆ ತನ್ನ ಬೆರಳು ಎಂದೋ ಒಗ್ಗಿಹೋಗಿತ್ತು. ಕಾಗಲ, ಮುರಗೂಡ, ಹುಪರಿ, ಇಚಲಕರಂಜಿ... ಎಲ್ಲರೂ ಹೇಳಿದ್ದು ಇದನ್ನೇ.

ಅವನು ಮೊದಲ ದಿನದಿಂದ ನಿಜವನ್ನೇ ಹೇಳಿದ್ದ. ಅಂಥವನಿಗೆ 'ಸುಳ್ಳ' ಅಂದಿದ್ದೆನಲ್ಲ!

ನಗು, ಅಳು ಎರಡೂ ಕೂಡಿ ಬಂದವು. ಆಯಿಗೆ ಎಲ್ಲವನ್ನೂ ಹೇಳಿದಳು. ಆಯಿ ಮುರಗೂಡದ ಬಸ್ಸನ್ನು ಹೋಗಲು ಬಿಟ್ಟಳು.

"ಫೋನ್ ಹಚ್ಚು ಅವಗ."

"ಇಲ್ಲ ಆಯಿ. ಫೋನಿನ್ಯಾಗ ಬರಬ್ಯಾಡ ಅಂದೇನಿ. ಮಾರಿ ಮುಂದ ನಿಂತ ಮಾತಾಡ್ತೇನಿ. ರವಿವಾರ ಅವ್ರು ಬರಲಿಲ್ಲ ಅಂದ್ರ ಏನಾತು? ನಾನ ಹೊಕ್ಕೇನಿ!"

"ಒಬ್ಬಾಕೀನ? ಹಿರಿಯಾರು ಬ್ಯಾಡೇನು? ನಾನೂ ಬರ್ತೇನಿ ನಡಿ."

ಶನಿವಾರದೊಳಗೆ ಆಟದ ಡೊಂಕು ತಿದ್ದಿದಳು. ಕೋಟೆ ಮೊದಲಿನಂತೆ ಗಿರಗಿರ. ಗುಂಡು ಮಾತ್ರ ಈಗ ಬೆರಳು ಹೇಳಿದ ಕಡೆಗೇ. 'ಅಂತೂ ಸರಳ ಮಾಡಿದ್ರಿ!' ಅಂತ ಮುರಗೂಡದವರು ಬರೆದರು. ಕೇದಾರ ಏನೂ ಬರೆಯಲಿಲ್ಲ.

ರವಿವಾರ ಬೆಳಿಗ್ಗೆ ಅಪ್ಪ ಬಸಗೊಂಡ ಚಹಾ ಕುಡಿಯುತ್ತ ಕೇಳಿದ, "ಅಜ್ಜಿ-ಮೊಮ್ಮಗಳ ಸವಾರಿ ಎತ್ತ?"

"ಇಚಲಕರಂಜಿಗಿ, ಅಪ್ಪಾ. ಹುಡುಗನ್ನ ನೋಡಾಕ!"

ಅಪ್ಪ ಕಪ್ಪು-ಬಶಿ ಕೆಳಗಿಟ್ಟ. "ಹುಡುಗನ್ನ...?"

"ನೀ ಮೊದಲ ಚಹಾ ಕುಡಿ. ಬಂದ ಹೇಳ್ತೇವಿ," ಅಂದಳು ಆಯಿ, ಸೀರೆಯ ನೆರಿಗೆ ಚಿಮ್ಮುತ್ತ.

ಇಚಲಕರಂಜಿಯ ಆ ಓಣಿಯಲ್ಲಿ ಎಲ್ಲಿಂದಲೋ ಮಗ್ಗದ ಖಟಖಟ ಕೇಳುತ್ತಿತ್ತು. ಕೇದಾರ ಪ್ಯಾಂಟು ಮಡಚಿಕೊಂಡು ಪೈಪಿನಿಂದ ಕಾರು ತೊಳೆಯುತ್ತಿದ್ದ. ಇವರನ್ನು ಕಂಡು ಪೈಪು ಎತ್ತ ಹಿಡಿದಿದ್ದೇನೆಂಬುದನ್ನೂ ಮರೆತ. ನೀರು ಅವನ ಕಾಲಿಗೇ ಸುರಿಯತೊಡಗಿತು. ಕಣ್ಣ ಕೆಳಗೆ ಕಪ್ಪು, ಗಡ್ಡ ಬೆಳೆದಿತ್ತು.

"ಯಾಕ ಬಂದ್ರಿ?" ಅಂದ.

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತು ಹೋಯಿತು. ಉಳಿದದ್ದು ನಿಜ ಒಂದೇ.

"ನೀವು ಮರಾಠ್ಯಾಗ ಹೇಳಿದ್ರಿ, ನಾ ಕನ್ನಡದಾಗ ತಿಳ್ಕೊಂಡೆ. ನೀವು ಗುಂಡು ನೆಟ್ಟಗ ಹೋಗಲಿ ಅಂದ್ರಿ. ನಾ ಆಟ ಸುಲಭ ಮಾಡ್ರಿ ಅಂದ್ರಿ ಅನ್ಕೊಂಡೆ..."

ಕೇದಾರ ಹಣೆ ಬಡಿದುಕೊಂಡ.

"ಅದಕ್ಕ ಹಾವು-ಏಣಿ ಅಂದ್ರೇನು ಅವತ್ತ?"

"ಅದಕ್ಕ! ಆಟದ್ದು ಹೋಗಲಿ ಬಿಡ್ರಿ. ಅದಕ್ಕ ನನಗ ಏನೂ ಅನಸೂದಿಲ್ಲ. ನಿಮಗ ಸುಳ್ಳ ಅಂದೆ ನೋಡ್ರಿ... ಅದಕ್ಕ ಬಂದೇನಿ. ತಪ್ಪ ನಂದು. ಪೂರಾ ನಂದು."

ಅವನು ಪೈಪಿನ ನೀರು ನಿಲ್ಲಿಸಿದ. "ನಿನ್ನೆ ಹೊಸಾದು ಆಡಿದೆ. ಒಂದೂ ಹಂತ ಬಿಡಲಾರದಂಗ, ಕಡೀತನಾ. ಭಾಳ ಚಂದ ಆಗೇತಿ."

"ಮತ್ತ ಬರೀಲಿಲ್ಲ ಯಾಕ?"

"ಸುಳ್ಳ ಹೇಳಾವನ ಅಭಿಪ್ರಾಯ ಯಾರಿಗಿ ಬೇಕು ಅನ್ಕೊಂಡೆ."

ಆ ಮಾತು ಎದೆಗೆ ನಾಟಿತು. ಕಣ್ಣೀರು ಒರೆಸಿಕೊಳ್ಳದೆಯೇ ಹೇಳಿದಳು, "ನನಗ ಬೇಕು. ಲೋಕದಾಗ ಎಲ್ಲಾರದಕ್ಕಿಂತ ಮೊದಲ ನಿಮ್ಮದ ಬೇಕು."

ಬಾಗಿಲಲ್ಲಿ ತಾರವ್ವ ಬಂದು ನಿಂತಿದ್ದಳು. "ಯಾರೋ ಬಂದಂಗ ಆತಲ್ಲ, ಕೇದಾರ?"

ಆಯಿ ಮುಂದೆ ಬಂದಳು. "ನಾವ್ರೀ, ಗಡಹಿಂಗ್ಲಜದಾವ್ರು. ನಿಮ್ಮ ಹುಡುಗನ್ನ ನೋಡಾಕ ಬಂದೇವಿ."

ತಾರವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು, ನಕ್ಕಳು... ಕಡೆಗೆ ಕಣ್ಣು ಒರೆಸಿಕೊಂಡು, "ಈ ವಾರ ಒಂದ ಹೊತ್ತೂ ಸುದ್ದ ಉಂಡಿಲ್ರಿ ಅಂವ. ಒಳಗ ಬರ್ರಿ. ಏ, ಕಾಲ ತೊಳ್ಕೊಂಡ ಬಾ, ಅವಲಕ್ಕಿ ನೀನ ತರಬೇಕು ಇವತ್ತ!" ಅಂದಳು.

ತಂದನಪ್ಪ! ಹೊಸ ಅಂಗಿ, ತಲೆ ಬಾಚಿಕೊಂಡು, ಕೈಯಲ್ಲಿ ಉಳ್ಳಾಗಡ್ಡಿ ಅವಲಕ್ಕಿಯ ತಟ್ಟೆಗಳು. ಊರಿನವರಿಗೆಲ್ಲ ಗಾಡಿ ಕಲಿಸುವವನು ತಟ್ಟೆ ಚೆಲ್ಲದಂತೆ ಹೆಜ್ಜೆ ಎಣಿಸಿ ನಡೆದು ಬಂದ.

"ಕೂಡಪ್ಪಾ. ಹೆಸರೇನು?" ಆಯಿ ಗಂಭೀರವಾಗಿ ಕೇಳಿದಳು.

"ಕೇದಾರ್ರಿ."

"ಅಡಗಿ ಬರ್ತೈತೇನು?"

"ಅನ್ನ, ಸಾರು ಬರ್ತೈತ್ರಿ. ರೊಟ್ಟಿ... ದುಂಡಗ ಆಗೂದಿಲ್ರಿ."

"ನಮ್ಮ ಹುಡುಗೀದೂ ಆಗೂದಿಲ್ಲ. ಜೋಡಿ ಛಲೋ ಐತಿ."

ರುತುಜಾ ಬೆನ್ನು ನೇರ ಮಾಡಿ ಕೂತು, ದೊಡ್ಡವರಂತೆ ದನಿ ಮಾಡಿ ಹೇಳಿದಳು, "ನನಗ ಹುಡುಗ ಪಸಂದ."

"ನನ್ನ ಯಾರರ ಕೇಳ್ತೀರೇನು?" ಅಂದ ಕೇದಾರ.

"ಹೆಣ್ಣ ನೋಡಾಕ ಹೋದಾಗ ಹೆಣ್ಣಿನ್ನ ಯಾರ ಕೇಳಿದ್ರು? ಸುಮ್ನ ಕೂಡು," ಅಂದಳು ಆಯಿ. ಹಾಗಂದು ತಾರವ್ವನನ್ನು ಎಬ್ಬಿಸಿಕೊಂಡು, ಚಹಾದ ನೆಪ ಮಾಡಿ, ಅಡಿಗೆಮನೆಗೆ ನಡೆದಳು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ನಾ ಕೇಳ್ತೇನಿ," ಅಂದಳು ರುತುಜಾ. ಈಗ ದನಿಯಲ್ಲಿ ಆಟವಿರಲಿಲ್ಲ. "ನನಗ ಸಿಟ್ಟ ಲಗೂನ ಬರ್ತೈತಿ. ನಾ ಜಗಳಾ ತಗೀತೇನಿ. ಗೊತ್ತಿದ್ದೂ ಒಪ್ಪತೀರೇನು?"

"ಜಗಳಾ ದಿನಾ ತಗೀರಿ. ಬರಬ್ಯಾಡ್ರಿ ಅಂತ ಮಾತ್ರ ಇನ್ನೊಮ್ಮೆ ಅನಬ್ಯಾಡ್ರಿ. ಅದನ್ನ ತಡಕೊಳ್ಳೂದು ನನಗ ಆಗಲಿಲ್ಲ."

"ಅನ್ನೂದಿಲ್ಲ."

"ಮತ್ತೇನಂತೀರಿ?"

"ಬಾ ಅಂತೇನಿ."

ಕೇದಾರ ತಲೆಯೆತ್ತಿದ. ಇಷ್ಟು ದಿನ ಒಮ್ಮೆಯೂ 'ರೀ' ಬಿಡದವಳು!

"ಏನಂದಿ? ಇನ್ನೊಮ್ಮೆ ಅನ್ನು."

"ಬಾ..." ಅಂದಳು ರುತುಜಾ, ಅವನ ಬಿಸಿಲುಗಪ್ಪಿನ ಕೈ ತನ್ನ ಕೈಯೊಳಗೆ ತೆಗೆದುಕೊಂಡು.

"ಬಂದೆ," ಅಂದ ಅವನು, ಅವಳ ಪಕ್ಕದಲ್ಲಿ ಬಂದು ಕೂತು.